ನಾಗವೇಣಿ ಮನೆ ಮುಂದೆ ನಿಂತ ಗಾಡಿ

ನಾನು ಕಾರು ಕೊಂಡದ್ದು ತಪ್ಪಲ್ಲ, ಹ್ಯಾಂಡ್‌ಬ್ರೇಕಿನ ಜಾಗದಲ್ಲಿ ಬಟನ್ ಇರುವ ಕಾರು ಕೊಂಡದ್ದು ತಪ್ಪು ಎಂದು ನಮ್ಮ ಬೀದಿಯವರು ಈಗಲೂ ಹೇಳುತ್ತಾರೆ. ಕೊಳ್ಳುವಾಗ ಒಬ್ಬರೂ ಹೇಳಲಿಲ್ಲ. ಎಲ್ಲರೂ ಬಂದು ಸೀಟು ಒತ್ತಿ ನೋಡಿದರು, ಅದರ ಕನ್ನಡಿಯಲ್ಲಿ ತಮ್ಮ ಮುಖ ನೋಡಿಕೊಂಡರು, ಅಕ್ಕ ಕೊಟ್ಟ ಕೇಸರಿಬಾತು ತಿಂದು ಕೈ ತೊಳೆದು ಹೋದರು.

ನಮ್ಮೂರಿನ ರಸ್ತೆ ಇಳಿಯುತ್ತದೆ. ಇಳಿಜಾರು ಎಂದಲ್ಲ. ರಸ್ತೆಯೇ ಮೇಲಿನಿಂದ ಕೆಳಕ್ಕೆ ಸಾಗುತ್ತದೆ. ಮೇಲ್ಗಡೆ ಗುಡ್ಡದ ಬುಡದಿಂದ ಹೊರಬಂದು, ಮನೆಗಳ ಮುಂದೆ ಹಾದು, ಕೊನೆಯ ಮನೆ ದಾಟಿ ಒಂದು ಅಗಲವಾದ ಚಪ್ಪಡಿಯ ಅಡಿಗೆ ಹೋಗುತ್ತದೆ. ಆ ಚಪ್ಪಡಿಗೆ ಹೊಸ್ತಿಲು ಎನ್ನುತ್ತೇವೆ. ಮನೆ, ಜಗಲಿ, ಚರಂಡಿ, ದೀಪದ ಕಂಬ ಎಲ್ಲ ಇದ್ದಲ್ಲೇ ಇರುತ್ತವೆ. ಬೆಳಗಿನ ಕಾಫಿ ಹೊತ್ತಿಗೆ ನಮ್ಮ ಗೇಟಿನ ಮುಂದೆ ಬಿದ್ದ ಎಲೆ ಊಟದ ಹೊತ್ತಿಗೆ ಪಕ್ಕದವರ ಗೇಟಿನ ಮುಂದಿರುತ್ತದೆ. ಹಾಗಾಗಿ ಹೆಂಗಸರು ರಂಗೋಲಿಯನ್ನು ಗೇಟಿನ ಒಳಗೇ ಹಾಕುತ್ತಾರೆ. ರಸ್ತೆಯ ಮೇಲೆ ಹಾಕಿದರೆ ಮಧ್ಯಾಹ್ನಕ್ಕೆ ಕೆಳಗಿನ ಮನೆಯವರು ತಾವೇ ಹಾಕಿದ್ದೆಂದು ಹೇಳಿಕೊಂಡು ಓಡಾಡುತ್ತಾರೆ. ಹೊಸ್ತಿಲ ಅಡಿಗೆ ಹೋದದ್ದು ಮಾತ್ರ ಮತ್ತೆ ಯಾರಿಗೂ ಕಂಡಿಲ್ಲ.

ಕೆಳಗಿನ ಮನೆಗೆ ಏನಾದರೂ ಕಳಿಸಬೇಕಾದರೆ ಪಾತ್ರೆಯ ಮೇಲೆ ಬಾಳೆಲೆ ಮುಚ್ಚಿ ರಸ್ತೆಯ ಮೇಲಿಟ್ಟರಾಯಿತು. ಅವರ ಗೇಟಿಗೆ ಬಂದಾಗ ಅವರು ಎತ್ತಿಕೊಳ್ಳುತ್ತಾರೆ. ನಡುವಿನ ಮನೆಯವರು ಎಲೆ ಎತ್ತಿ ನೋಡಬಹುದು, ತೆಗೆಯುವ ಹಾಗಿಲ್ಲ. ಮದುವೆ, ಸೀಮಂತ, ಹಬ್ಬ, ಯಾವುದಕ್ಕಾದರೂ ಹೀಗೆ ಕಳಿಸಬಹುದು. ಸಾವಿನ ಮನೆಗೆ ಮಾತ್ರ ಕಳಿಸುವ ಹಾಗಿಲ್ಲ. ಅಲ್ಲಿಗೆ ನಡೆದುಕೊಂಡೇ ಹೋಗಬೇಕು. ಇನ್ನೊಂದು ಪದ್ಧತಿಯೂ ಇದೆ. ಕೆಟ್ಟು ನಿಂತ ಗಾಡಿಯಲ್ಲಿ ಕೂತು ಯಾರಾದರೂ ನಿಮ್ಮ ಮನೆಯ ಮುಂದೆ ಬಂದರೆ, ನಿಮ್ಮ ಗೋಡೆ ದಾಟುವವರೆಗೆ ಅವರು ನಿಮ್ಮ ನೆಂಟರು. ಊಟ ತಿಂಡಿ ನಿಮ್ಮದೇ.

ಗಾಡಿ ನಿಲ್ಲಿಸುವುದು ನಮಗೆಲ್ಲ ಚಿಕ್ಕಂದಿನಿಂದ ಗೊತ್ತಿರುವ ಕೆಲಸ. ಮೂತಿ ಮೇಲ್ಮುಖವಾಗಿ ಇಟ್ಟು, ಮನೆ ಮುಂದಿನ ಕಂಬಕ್ಕೆ ಹಗ್ಗದಿಂದ ಕಟ್ಟಿ, ಬ್ರೇಕು ಬಿಟ್ಟುಬಿಡಬೇಕು. ಕೆಳಗೆ ರಸ್ತೆ ಹೋಗುತ್ತಿರುತ್ತದೆ, ಅದರ ಮೇಲೆ ಚಕ್ರ ಮೆಲ್ಲಗೆ ತಿರುಗುತ್ತಿರುತ್ತದೆ, ಗಾಡಿ ಇದ್ದಲ್ಲೇ ಇರುತ್ತದೆ. ಬ್ರೇಕು ಹಾಕಿದಿರೋ, ರಸ್ತೆಯ ಜೊತೆ ಅದೂ ಹೊರಟಿತು. ಬ್ರೇಕು ಹಾಕಿ ನಿಲ್ಲಿಸುವುದು ಪರವೂರಿನವರು ಮಾಡುವ ಕೆಲಸ, ಅದನ್ನು ನೋಡಿ ನಾವು ನಗುತ್ತೇವೆ.

ಕಾರು ಕೊಂಡದ್ದು ನನಗಾಗಿ ಅಲ್ಲ, ರುಕ್ಮಕ್ಕನಿಗಾಗಿ. ರುಕ್ಮಕ್ಕ ನನ್ನ ಅಕ್ಕ. ಅವಳೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ, ಇಬ್ಬರೂ ಜಗಳವಾಡಿಕೊಂಡು ಒಂದೇ ಮನೆಯಲ್ಲಿದ್ದೇವೆ. ಬೀದಿಯ ಮೇಲ್ತುದಿಯಲ್ಲಿ ನನ್ನದೊಂದು ಕನ್ನಡಕದ ಅಂಗಡಿ. ಅಕ್ಕನ ಮಂಡಿಗಳು ಕೈಕೊಟ್ಟು ಅವಳು ಜಗಲಿ ಇಳಿಯುವುದನ್ನೇ ಬಿಟ್ಟಿದ್ದಳು. ಕಾರು ಬಂದ ಮೇಲೆ ದಿನಾ ನನ್ನ ಜೊತೆ ಅಂಗಡಿಗೆ ಬಂದು ಕೌಂಟರಿನ ಪಕ್ಕ ಕೂರತೊಡಗಿದಳು. ಬಂದವರ ಮುಖ ಒಮ್ಮೆ ನೋಡುವುದು, ಫ್ರೇಮು ತಾನೇ ಆರಿಸುವುದು. "ಈ ಮೂತಿಗೆ ದುಂಡನೇದು ಹಾಕ್ಬೇಡ್ರೀ, ಗೂಬೆ ಆಗ್ತೀರ," ಎಂದು ತಾಲ್ಲೂಕಿನ ಸಾಹೇಬರಿಗೇ ಹೇಳಿದಳು. ಸಾಹೇಬರು ಚೌಕನೆಯದೇ ಕೊಂಡರು. ಅಕ್ಕನ ಮುಖದಲ್ಲಿ ಮತ್ತೆ ಕಳೆ ಬಂದಿತ್ತು. ಅದನ್ನು ನೋಡಿ ನನಗಾದ ಸಂತೋಷ ಅವಳಿಗೆ ಹೇಳಲಿಲ್ಲ, ಹೇಳಿದ್ದರೆ ಬೈಸಿಕೊಳ್ಳಬೇಕಾಗುತ್ತಿತ್ತು.

ಆ ಬೆಳಿಗ್ಗೆ ಅಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಎಂದಿನಂತೆ ಹಗ್ಗ ಬಿಚ್ಚಿ, ಒಳಗೆ ಕೂತು ಗಾಡಿ ಶುರು ಮಾಡಿದೆ. ಗಾಡಿ ಮುಂದೆ ಹೋಗಲಿಲ್ಲ. ಎದುರಿಗೆ ಒಂದು ಕೆಂಪು ದೀಪ ಹತ್ತಿತ್ತು. ಬಟನ್ ಒತ್ತಿದೆ, ದೀಪ ಆರಲಿಲ್ಲ. ಮತ್ತೆ ಒತ್ತಿದೆ. ಎಲ್ಲೋ ಹಿಂದುಗಡೆ ಗೊರ್ರ್ ಎಂದು ಸದ್ದಾಗಿ ಸುಮ್ಮನಾಯಿತು. ತಲೆಯೆತ್ತಿದರೆ ನಮ್ಮ ಗೇಟು ಮುಂದಕ್ಕೆ ಹೋಗಿದೆ.

"ಅಚ್ಯುತಾ, ನಾವು ಹಿಂದಕ್ಕೆ ಹೋಗ್ತಾ ಇದೀವಲ್ಲೋ," ಎಂದಳು ಅಕ್ಕ.

ಇಳಿದು ಓಡಿ ಮತ್ತೆ ಹಗ್ಗ ಕಟ್ಟಿದೆ. ಹಗ್ಗ ಬಿಗಿಯಿತು, ಟಪ್ಪೆಂದು ಹರಿಯಿತು. ಇನ್ನೊಂದು ದಪ್ಪ ಹಗ್ಗ ತಂದೆ, ಅದೂ ಹರಿಯಿತು. ಮೆಕ್ಯಾನಿಕ್ ದಸ್ತಗೀರ್ ತನ್ನ ಜೀಪು ತಂದು ಎಳೆದ. ಟೈರು ಕಿರುಚಿ ಸುಟ್ಟ ವಾಸನೆ ಬಂತೇ ಹೊರತು ಗಾಡಿ ಅಲುಗಲಿಲ್ಲ. ಕೊನೆಗೆ ಮುಂದಿನ ಕೊಕ್ಕೆಯೇ ಬಾಗಿತು.

"ಹಿಂದಿನ ಎರಡು ಚಕ್ರಾನೂ ಕಚ್ಕೊಂಡ್ಬಿಟ್ಟಿದೆ, ಸಾರ್," ಎಂದು ದಸ್ತಗೀರ್ ತಲೆ ಕೆರೆದುಕೊಂಡ. "ಹ್ಯಾಂಡ್‌ಬ್ರೇಕಿನ ಕಡ್ಡಿ ಇದ್ರೆ ಕೆಳಗಿಳಿಸಬಹುದಿತ್ತು. ಕೇಬಲ್ ಇದ್ರೆ ಕತ್ತರಿಸಬಹುದಿತ್ತು. ಇದು ಬಟನ್ನು. ಬಟನ್ನಿಗೆ ಏನಂತ ಹೇಳೋದು?"

ಕಂಪನಿಯವರ ಸಹಾಯವಾಣಿಗೆ ಫೋನ್ ಮಾಡಿದೆ. ಒಬ್ಬಳು ಹುಡುಗಿ ಬಹಳ ಮರ್ಯಾದೆಯಿಂದ ಮಾತಾಡಿದಳು.

"ಸರ್, ಗಾಡಿ ಈಗ ನಿಂತಿದೆಯಾ?"

"ನಿಂತಿದೆಯಮ್ಮ. ರಸ್ತೆ ಹೋಗ್ತಾ ಇದೆ."

"ಎಲ್ಲಿಗೆ ಸರ್?"

"ಹೊಸ್ತಿಲಿಗೆ."

ಬಳಿಕ ಅವಳು ರಾತ್ರಿ ಗಾಡಿ ಹೇಗೆ ನಿಲ್ಲಿಸುತ್ತೀರಿ ಎಂದು ಕೇಳಿದಳು. ಕಂಬಕ್ಕೆ ಕಟ್ಟಿ, ಬ್ರೇಕು ಬಿಟ್ಟು, ಎಂದೆ. ಚಾಲಕ ಇಲ್ಲದಾಗ ಚಕ್ರ ತಿರುಗಿದರೆ ಗಾಡಿ ಉರುಳಿ ಹೋಗುತ್ತಿದೆ ಎಂದುಕೊಂಡು ತಾನೇ ಬ್ರೇಕು ಹಾಕಿಕೊಳ್ಳುತ್ತದೆ, ಅದು ನಿಮ್ಮ ಸುರಕ್ಷತೆಗೆ, ಎಂದಳು. ಹಾಗಾದರೆ ಇಷ್ಟು ದಿನ ಯಾಕೆ ಹಾಕಿಕೊಳ್ಳಲಿಲ್ಲ ಎಂದರೆ ಅವಳಿಗೂ ಗೊತ್ತಿಲ್ಲ. ಬೆಲ್ಟು ಹಾಕಿಕೊಂಡು, ಕಾಲಲ್ಲಿ ಬ್ರೇಕು ತುಳಿದು, ಬಟನ್ ಕೆಳಕ್ಕೆ ಒತ್ತಿ ಎಂದಳು. ಒತ್ತಿದೆ. ಕೆಂಪು ದೀಪ ಪಿಳಿಪಿಳಿ ಎಂದಿತು, ಆರಲಿಲ್ಲ. ಬ್ಯಾಟರಿ ಇಳಿದಿರಬೇಕು, ಗಾಡಿಯನ್ನು ಹತ್ತಿರದ ಸರ್ವಿಸ್ ಸೆಂಟರಿಗೆ ತನ್ನಿ ಎಂದಳು. ತರುವ ಹಾಗಿದ್ದರೆ ನಿನಗೆ ಯಾಕಮ್ಮ ಫೋನ್ ಮಾಡುತ್ತಿದ್ದೆ ಎಂದು ಇಟ್ಟುಬಿಟ್ಟೆ.

ನಮ್ಮ ಮನೆಯಿಂದ ಕೆಳಗೆ ಹೆಚ್ಚು ಮನೆಗಳಿಲ್ಲ. ಶಿವನಂಜಪ್ಪನವರದು, ಆಮೇಲೆ ದರ್ಜಿಗಳ ಅವಳಿ ಮನೆ, ಆಮೇಲೆ ನಾಗವೇಣಿಯದು. ನಾಗವೇಣಿಯ ಗೋಡೆ ಮುಗಿದರೆ ಹೊಸ್ತಿಲು. ಈ ಹೊತ್ತಿನಿಂದ ನಾಳೆಯವರೆಗೆ ಬ್ರೇಕು ಬಿಡದಿದ್ದರೆ ಕಾರು ಹೋಯಿತು, ಕಾರು ಹೋದರೆ ಅಕ್ಕ ಮತ್ತೆ ಜಗಲಿಯೊಳಗೆ. ಇನ್ನೊಂದು ಕೊಳ್ಳುವ ತಾಕತ್ತು ನನಗಿಲ್ಲ.

"ಅಕ್ಕಾ, ನೀನಾದ್ರೂ ಇಳಿ. ಮನೇಲಿ ಕೂತಿರು."

"ಇಳಿದ್ರೆ ಮತ್ತೆ ಹತ್ತಿಸೋರು ಯಾರು? ನಿನ್ನ ಹೆಗಲ ಮೇಲೆ ಹತ್ತಲಾ? ಸರಿ ಹೋದಾಗ ಅಂಗಡಿಗೆ ಹೋಗೋಣ. ಅಲ್ಲೀವರೆಗೂ ಇಲ್ಲೇ ಇರ್ತೀನಿ."

ನನಗೆ ತಲೆಬುಡ ತಿಳಿಯಲಿಲ್ಲ. ಬಸ್ಸು ಹತ್ತಿದರೆ ಇಳಿಯುವವರೆಗೆ ದೇವರ ನಾಮ ಹೇಳುವ ಹೆಂಗಸು, ಬ್ರೇಕು ಕೆಟ್ಟ ಗಾಡಿಯಲ್ಲಿ ಕಾಲು ಚಾಚಿ ಕೂತಿದ್ದಳು. ಶಿವನಂಜಪ್ಪನವರ ಮನೆಯಿಂದ ಉಪ್ಪಿಟ್ಟು ಬಂತು, ಕಿಟಕಿಯಲ್ಲೇ ತೆಗೆದುಕೊಂಡು ಹಸಿಮೆಣಸಿನಕಾಯಿ ಕಡಿಮೆ ಎಂದಳು. ಶಿವನಂಜಪ್ಪನವರು ಗಾಡಿಯ ಬಾಗಿಲಿಗೆ ಒರಗಿ ತಮ್ಮ ಸೊಸೆಯ ಮೇಲಿನ ದೂರು ಹೇಳಿದರು. ದರ್ಜಿಗಳ ಮನೆ ಬರುವ ಹೊತ್ತಿಗೆ ಸಂಜೆಯಾಗಿತ್ತು. ಅವರು ಚಪಾತಿ ಸಾಗು ಕೊಟ್ಟು, ಒಂದು ದಿಂಬನ್ನೂ ಕೊಟ್ಟರು. ಅಕ್ಕ ಸೀಟು ಹಿಂದಕ್ಕೆ ಬಾಗಿಸಿ ಗೊರಕೆ ಹೊಡೆದಳು. ನಾನು ಅವರ ಜಗಲಿಯಲ್ಲಿ ಕೂತು ನಿದ್ದೆಗೆಟ್ಟೆ.

ನಾಗವೇಣಿಯ ವಿಷಯ ಹೇಳಬೇಕು. ಅಕ್ಕ ಮತ್ತು ಅವಳು ಒಂದೇ ಬೆಂಚಿನಲ್ಲಿ ಕೂತು ಓದಿದವರು, ಒಂದೇ ಲಂಗದ ಬಟ್ಟೆಯನ್ನು ಎರಡು ಮಾಡಿ ಹೊಲಿಸಿಕೊಂಡವರು. ನಾಗವೇಣಿಯ ಗಂಡ ತೀರಿಕೊಂಡಾಗ ನನ್ನ ತಲೆಯಲ್ಲಿ ಇನ್ನೂ ಕೂದಲಿತ್ತು, ಅಕ್ಕನ ಮಂಡಿ ಆಗಷ್ಟೇ ಊದತೊಡಗಿತ್ತು. ನೋವೆಂದು ಅಕ್ಕ ನಡೆದು ಹೋಗಲಿಲ್ಲ. ಅನ್ನ ಸಾರು ಮಾಡಿ, ಎಲೆ ಮುಚ್ಚಿ, ರಸ್ತೆಯ ಮೇಲಿಟ್ಟಳು. ಸಾವಿನ ಮನೆಗೆ. ನಾಗವೇಣಿ ಜಗಲಿಯಲ್ಲಿ ನಿಂತು ಆ ಪಾತ್ರೆ ಬರುವುದನ್ನು ನೋಡಿದಳಂತೆ, ಹೋಗುವುದನ್ನೂ ನೋಡಿದಳಂತೆ. ಪಾತ್ರೆ ಹೊಸ್ತಿಲ ಅಡಿಗೆ ಹೋಯಿತು. ಅವತ್ತಿನಿಂದ ಮಾತಿಲ್ಲ. ಇಬ್ಬರೂ ಒಬ್ಬರ ಹೆಸರನ್ನೊಬ್ಬರು ಎತ್ತುವುದಿಲ್ಲ. ಅಕ್ಕ ಅವಳನ್ನು ಕೆಳಗಿನ ಮನೆಯವರು ಎನ್ನುತ್ತಾಳೆ.

ಬೆಳಿಗ್ಗೆ ದಸ್ತಗೀರ್ ಚಾರ್ಜು ತುಂಬಿದ ಬ್ಯಾಟರಿ ಹೊತ್ತು ತಂದು ತಂತಿ ಜೋಡಿಸಿದ. ನಾನು ಬೆಲ್ಟು ಹಾಕಿ, ಬ್ರೇಕು ತುಳಿದು, ಬಟನ್ ಒತ್ತಿದೆ. ಹಿಂದುಗಡೆ ಗೊರ್ರ್, ಟಕ್. ಕೆಂಪು ದೀಪ ಆರಿತು! "ಬಿಡ್ತು ಬಿಡ್ತು!" ಎಂದು ನಾನೂ ದಸ್ತಗೀರನೂ ಒಟ್ಟಿಗೇ ಕೂಗಿದೆವು. ತಂತಿ ಬಿಚ್ಚು ಎಂದು ಹೇಳಲು ಕಿಟಕಿಯಿಂದ ತಲೆ ಹೊರಗೆ ಹಾಕಿದೆ. ಅವನು ಬಿಚ್ಚಿದ. ಟಕ್ ಎಂದಿತು. ತಿರುಗಿ ನೋಡಿದರೆ ದೀಪ ಮತ್ತೆ ಕೆಂಪಗೆ ಉರಿಯುತ್ತಿದೆ. ಅಕ್ಕ ಸೆರಗು ಸರಿಮಾಡಿಕೊಳ್ಳುತ್ತಿದ್ದಳು.

"ಏನಾಯ್ತೋ?"

"ಮತ್ತೆ ಹಾಕ್ಕೊಳ್ತು ಕಣಕ್ಕ. ತಾನೇ."

"ಅದಕ್ಕೂ ಒಂದು ಮನಸ್ಸಿರುತ್ತೆ," ಎಂದಳು.

ಆಮೇಲೆ ಒತ್ತಿದ್ದೇ ಒತ್ತಿದ್ದು. ಗೊರ್ರ್ ಎಂಬ ಸದ್ದು ಸಣ್ಣದಾಗುತ್ತಾ ಹೋಗಿ ನಿಂತೇಹೋಯಿತು. ದಸ್ತಗೀರ್ ಬ್ಯಾಟರಿಯನ್ನು ಮತ್ತೆ ಚಾರ್ಜಿಗೆ ಹಾಕಲು ಮೇಲಕ್ಕೆ ಓಡಿದ. ನಾನು ಸ್ಟಿಯರಿಂಗಿಗೆ ಹಣೆ ಒತ್ತಿಕೊಂಡು ಕೂತೆ. ನಾನು ಮಾಡಿದ್ದರಲ್ಲಿ ತಪ್ಪೇನು, ಸರಿಯೇನು, ಬಟನ್ನಿನ ಯಾವ ಕಡೆ ಮೇಲೆ, ಯಾವ ಕಡೆ ಕೆಳಗೆ ಎಂಬುದೇ ಮರೆತುಹೋಗಿತ್ತು. ತಲೆಯೆತ್ತಿದಾಗ ಪಕ್ಕದಲ್ಲಿ ನಾಗವೇಣಿಯ ಗೋಡೆ ಬಂದಿತ್ತು.

ಅಕ್ಕ ಕೂದಲು ಬಾಚಿಕೊಂಡಿದ್ದಳು. ಯಾವಾಗ ಬಾಚಿಕೊಂಡಳೋ.

ನಾಗವೇಣಿಯ ಸೊಸೆ ಶೈಲಜಾ ತಟ್ಟೆಯಲ್ಲಿ ಇಡ್ಲಿ ತಂದಳು. ಅಕ್ಕ ಕೈ ಚಾಚಲಿಲ್ಲ. "ನಿಮ್ಮತ್ತೆ ಎಲ್ಲಿ?" ಎಂದಳು.

"ಒಳಗಿದಾರೆ. ತಗೊಳ್ಳಿ, ಆರಿಹೋಗತ್ತೆ."

"ಆರಲಿ."

ಶೈಲಜಾ ತಟ್ಟೆ ಹಿಡಿದು ನಮ್ಮ ಜೊತೆ ಒಂದೊಂದೇ ಹೆಜ್ಜೆ ಹಾಕುತ್ತಾ ಬಂದಳು. ನೆಂಟರು ಊಟ ಬೇಡವೆಂದರೆ ಏನು ಮಾಡಬೇಕೆಂದು ನಮ್ಮೂರಿನಲ್ಲಿ ಯಾರಿಗೂ ಗೊತ್ತಿಲ್ಲ, ಹಾಗೆ ಯಾರೂ ಅಂದಿಲ್ಲ. ಗೇಟು ಬಂತು, ಗೇಟು ಹೋಯಿತು. ಹಿಂದಿನ ಕನ್ನಡಿಯಲ್ಲಿ ಹೊಸ್ತಿಲಿನ ಕಪ್ಪು ಅಂಚು ಕಾಣುತ್ತಿತ್ತು.

ನಾಗವೇಣಿ ಬಾಗಿಲಿಗೆ ಬಂದಳು. ಗಾಡಿಯ ಕಡೆ ನೋಡದೆ ಸೊಸೆಗೆ ಹೇಳಿದಳು, "ಬಿಡೇ ಶೈಲಾ. ಅವತ್ತು ಪಾತ್ರೆ ಹೋಯ್ತು, ಇವತ್ತು ಗಾಡಿ ಹೋಗುತ್ತೆ. ಆ ಮನೆಯವರಿಗೆ ಎಲ್ಲಾನೂ ರಸ್ತೆ ಮೇಲೆ ಹಾಕಿ ಕಳ್ಸೋದೇ ಅಭ್ಯಾಸ. ಈ ಸಲ ತಾವೇ ಕೂತ್ಕೊಂಡು ಬಂದಿದಾರೆ, ಅಷ್ಟೇ."

ಅಕ್ಕ ನನ್ನ ಕಡೆ ತಿರುಗಿದಳು. "ಅಚ್ಯುತಾ, ಬ್ರೇಕು ಬಿಡು," ಎಂದಳು.

ಒತ್ತಿದೆ. ಏನೂ ಇಲ್ಲ.

"ಬಿಡೋ ಅಂದ್ರೆ!"

"ಬಿಡ್ತಿಲ್ಲ ಅಕ್ಕ."

"ನಿಜವಾಗ್ಲೂ?" ಎಂದು ಕೇಳಿದಳು. ಆ ಪ್ರಶ್ನೆ ಆಗ ನನಗೆ ಅರ್ಥವಾಗಲಿಲ್ಲ.

ಅವಳು ತಾನೇ ಬಾಗಿಲು ತೆಗೆದಳು. ನಾನು ಸುತ್ತಿ ಓಡಿ ಬಂದು ಕೈ ಕೊಟ್ಟರೆ ಪಟ್ಟೆಂದು ಹೊಡೆದು ತಳ್ಳಿದಳು. ಗಾಡಿಯ ಬಾಗಿಲು ಹಿಡಿದು ಒಂದು ಕಾಲು ರಸ್ತೆಗಿಟ್ಟಳು, ಇನ್ನೊಂದನ್ನು ಇಟ್ಟಳು, ಬಾಗಿಲು ಬಿಟ್ಟಳು. ನಾಗವೇಣಿಯ ಗೇಟು ಆಗಲೇ ಮೇಲುಗಡೆ ಉಳಿದಿತ್ತು. ಅಲ್ಲಿಗೆ ಹೋಗಬೇಕಾದರೆ ರಸ್ತೆಗೆ ಎದುರಾಗಿ ನಡೆಯಬೇಕು. ನಮಗೆಲ್ಲ ಅದು ಗಮನಕ್ಕೂ ಬರುವುದಿಲ್ಲ. ಅಕ್ಕನಿಗೆ ಒಂದು ಹೆಜ್ಜೆ ಇಟ್ಟು ಉಸಿರು ತಿರುಗಿಸಿಕೊಳ್ಳುವಷ್ಟರಲ್ಲಿ ರಸ್ತೆ ಅವಳನ್ನು ಅಷ್ಟಿಷ್ಟು ಹಿಂದಕ್ಕೆ ತರುತ್ತಿತ್ತು. ಹಲ್ಲು ಕಚ್ಚಿ ಮತ್ತೆ ಇಡುತ್ತಿದ್ದಳು. ಮಂಡಿ ನಡುಗುವುದು ಸೀರೆಯ ಮೇಲಿನಿಂದಲೇ ಕಾಣುತ್ತಿತ್ತು. ದರ್ಜಿಗಳು, ಶಿವನಂಜಪ್ಪನವರು ಎಲ್ಲ ಹೊರಗೆ ಬಂದು ನಿಂತಿದ್ದರು. ಒಬ್ಬರೂ ಹಿಡಿಯಲು ಹೋಗಲಿಲ್ಲ, ಯಾಕೆ ಹೀಗೆ ನಡೆಯುತ್ತಿದ್ದಾಳೆಂದು ಎಲ್ಲರಿಗೂ ಗೊತ್ತಿತ್ತು. ನನಗೆ ಅಳು ಬಂತು. ಗಾಡಿಯ ನೆನಪೇ ಇರಲಿಲ್ಲ.

ಗೇಟಿನ ಕಂಬಿ ಹಿಡಿದು ಅಕ್ಕ ನಿಂತಳು. "ನಡ್ಕೊಂಡು ಬಂದಿದೀನಿ ಕಣೇ, ವೇಣಿ," ಎಂದಳು. "ತಡ ಆಯ್ತು. ಅವರು ಹೋದಾಗಲೇ ಬರ್ಬೇಕಿತ್ತು. ನೋವು ಅಂತ ಬರ್ಲಿಲ್ಲ. ಅವತ್ತಿನ ನೋವು ಇವತ್ತಿನದರಲ್ಲಿ ಕಾಲುಭಾಗಾನೂ ಇರ್ಲಿಲ್ಲ."

ನಾಗವೇಣಿ ಅವಳ ಮಂಡಿಗಳನ್ನು ನೋಡಿದಳು. ಕೆಳಗಿಳಿದು ಬಂದು ಅಕ್ಕನ ತೋಳು ಹಿಡಿದು ಜಗಲಿಯ ಮೇಲೆ ಕೂರಿಸಿದಳು. "ಸಾರಿಗೆ ನೀನು ಇಂಗು ಹಾಕಿದ್ದೆ ಅಲ್ವೇನೇ ಅವತ್ತು?" ಎಂದಳು. "ಎಲೆ ಮುಚ್ಚಿದ್ರೂ ವಾಸನೆ ಬಂತು. ಎರಡು ದಿನದಿಂದ ಏನೂ ತಿಂದಿರ್ಲಿಲ್ಲ ನಾನು." ಇಬ್ಬರೂ ಜೋರಾಗಿ ಅತ್ತರು. ಶೈಲಜಾ ಇಡ್ಲಿ ತಟ್ಟೆ ಹಿಡಿದೇ ನಿಂತಿದ್ದಳು.

ಕಣ್ಣೊರೆಸಿಕೊಂಡು ನಾಗವೇಣಿ ನನ್ನ ಕಡೆ ತಿರುಗಿ ಗದರಿದಳು, "ಏನೋ ಬಾಯಿ ಬಿಟ್ಕೊಂಡು ನೋಡ್ತಾ ನಿಂತಿದೀಯ? ಗಾಡಿ ಹೋಗ್ತಾ ಇದೆ!"

ಒಳಗೆ ಹೋಗಿ ಒಂದು ಒನಕೆ, ಊಟದ ಮಣೆಗಳನ್ನು ಹೊತ್ತು ತಂದಳು. ಕೊನೆಯ ಮನೆಯವಳು, ಹೊಸ್ತಿಲಿಗೆ ಹೋಗುವುದನ್ನು ಹಿಡಿದು ನಿಲ್ಲಿಸುವ ಉಪಾಯಗಳು ಅವಳಿಗೆ ರೂಢಿ. ಕಚ್ಚಿಕೊಂಡ ಚಕ್ರ ತಿರುಗದಿದ್ದರೆ ಬೇಡ, ಅದರ ಕೆಳಗೆ ತಿರುಗುವಂಥದ್ದು ಇಡು ಎಂದಳು. ಎಲ್ಲ ಮನೆಗಳಿಂದ ಒನಕೆ ಬಂದವು. ಮಿಕ್ಸಿ ಬಂದ ಮೇಲೆ ಮೂಲೆ ಸೇರಿದ್ದ ಒನಕೆಗಳು, ಧೂಳು, ಜೇಡನ ಬಲೆ ಸಮೇತ. ಜಾಕಿ ಕೊಟ್ಟು ಹಿಂದಿನ ಚಕ್ರ ಎತ್ತಿ, ರಸ್ತೆಯ ಮೇಲೆ ಒನಕೆ, ಒನಕೆಯ ಮೇಲೆ ಮಣೆ, ಮಣೆಯ ಮೇಲೆ ಚಕ್ರ ಕೂರಿಸಿದೆವು. ಮುಂಭಾಗವನ್ನು ನಾಗವೇಣಿಯ ಕಂಬಕ್ಕೆ ಕಟ್ಟಿದೆವು. ಹಗ್ಗ ಬಿಗಿಯಿತು. ನಾನು ಕಣ್ಣು ಮುಚ್ಚಿಕೊಂಡೆ. ಹರಿಯಲಿಲ್ಲ. ಕೆಳಗೆ ರಸ್ತೆ ಹೋಗುತ್ತಿತ್ತು, ಒನಕೆಗಳು ಉರುಳುತ್ತಿದ್ದವು, ಗಾಡಿ ನಿಂತಿತ್ತು.

ಕೆಳತುದಿಯಲ್ಲಿ ಹೊರಬಂದ ಒನಕೆಯನ್ನು ಎತ್ತಿ ಮತ್ತೆ ಮೇಲ್ತುದಿಗೆ ಕೊಡುತ್ತಿರಬೇಕು, ಅಷ್ಟೇ ಕೆಲಸ. "ಗಾಡಿ ರಿಪೇರಿ ಆಗೋವರೆಗೂ ಇಲ್ಲೇ ಬಿದ್ದಿರು," ಎಂದಳು ನಾಗವೇಣಿ. ಅಕ್ಕ ಆಗಲಿ ಎನ್ನಲಿಲ್ಲ, ಬೇಡ ಎನ್ನಲಿಲ್ಲ, ಇನ್ನೆರಡು ಇಡ್ಲಿ ಹಾಕಿಸಿಕೊಂಡಳು.

ಅವತ್ತಿನಿಂದ ಅಕ್ಕ ಅಲ್ಲೇ ಇದ್ದಾಳೆ. ಹಗಲು ಯಾವ ಒನಕೆ ಹೊರಬಂತು ಎಂದು ಅವಳು ಜಗಲಿಯಿಂದ ಕೂಗುತ್ತಾಳೆ, ನಾಗವೇಣಿ ಎತ್ತಿಡುತ್ತಾಳೆ. ರಾತ್ರಿಯ ಪಾಳಿ ನನಗೂ ದರ್ಜಿಗಳಿಗೂ. ನಾನು ದಿನಾ ಫ್ರೇಮುಗಳ ಪೆಟ್ಟಿಗೆ ಹೊತ್ತು ಅಲ್ಲಿಗೆ ಹೋಗುತ್ತೇನೆ, ಗಿರಾಕಿಗಳೂ ಅಲ್ಲಿಗೇ ಬರುತ್ತಾರೆ. ಅಕ್ಕ ಒಂದು ಆರಿಸಿದರೆ ನಾಗವೇಣಿ ಬೇರೆ ಆರಿಸುತ್ತಾಳೆ, ಇಬ್ಬರ ನಡುವೆ ಗಿರಾಕಿ ಕಣ್ಣು ಕಣ್ಣು ಬಿಡುತ್ತಾನೆ. ದಸ್ತಗೀರ್ ಆಗಾಗ ಬಂದು ಬ್ಯಾಟರಿ ನೋಡುತ್ತಾನೆ, ಇದಕ್ಕೆ ಬುದ್ಧಿ ಜಾಸ್ತಿಯಾಗಿದೆ ಸಾರ್ ಎಂದು ಹೇಳಿ ಕಾಫಿ ಕುಡಿದು ಹೋಗುತ್ತಾನೆ.

ನಿನ್ನೆ ಬೆಳಿಗ್ಗೆ ಗಾಡಿಯೊಳಗಿನ ಧೂಳು ಹೊಡೆಯಲು ಕೂತವನು, ಸುಮ್ಮನೆ ಬೆಲ್ಟು ಹಾಕಿ, ಬ್ರೇಕು ತುಳಿದು, ಬಟನ್ ಒತ್ತಿದೆ. ಗೊರ್ರ್, ಟಕ್. ಕೆಂಪು ದೀಪ ಆರಿತು. ಕಾದೆ. ಆರಿಯೇ ಇತ್ತು. ತಾನಾಗಿ ಹಾಕಿಕೊಳ್ಳುವ ಲಕ್ಷಣ ಕಾಣಲಿಲ್ಲ. ಪಕ್ಕದ ಸೀಟಿನಿಂದ ಕೈ ಚಾಚಿದರೆ ಈ ಬಟನ್ ಎಟುಕುತ್ತದೆಯೇ ಎಂದು ಅಳೆದು ನೋಡಿದೆ. ಸುಲಭವಾಗಿ ಎಟುಕುತ್ತದೆ. ಹಾಗಾದರೆ ಅವತ್ತು ಮತ್ತೆ ಬ್ರೇಕು ಹಾಕಿದ್ದು ಅಕ್ಕನ ಸೆರಗೋ, ಬೆರಳೋ, ಗಾಡಿಯ ಮನಸ್ಸೋ? ಎಷ್ಟು ಯೋಚಿಸಿದರೂ ನನಗೆ ಬಗೆಹರಿಯಲಿಲ್ಲ.

ಜಗಲಿಯ ಮೇಲೆ ಇಬ್ಬರೂ ಅವರೆಕಾಯಿ ಸುಲಿಯುತ್ತಿದ್ದರು. ನಾಗವೇಣಿ ಏನೋ ಹೇಳಿದಳು, ಅಕ್ಕ ಕಾಳು ಚೆಲ್ಲುವಷ್ಟು ನಕ್ಕಳು. ಅಂಗಡಿಯಲ್ಲೂ ಅವಳು ಹೀಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಗಾಡಿ ಸರಿಹೋಯಿತು ಎಂದರೆ ಅಕ್ಕ ಎದ್ದು ಹೊರಡುತ್ತಾಳೆ, ಇರು ಎಂದು ನಾಗವೇಣಿ ಹೇಳುವುದಿಲ್ಲ, ಇರುತ್ತೇನೆ ಎಂದು ಅಕ್ಕ ಹೇಳುವುದಿಲ್ಲ. ಇಬ್ಬರನ್ನೂ ನಾನು ಬಲ್ಲೆ.

ಬಟನ್ ಮೇಲಕ್ಕೆ ಎಳೆದೆ. ಕೆಂಪು ದೀಪ ಹತ್ತಿತು.

"ಏನಾಯ್ತೋ, ಬಿಡ್ತಾ?" ಎಂದು ಅಕ್ಕ ಕೂಗಿದಳು.

"ಇಲ್ಲ ಕಣಕ್ಕ, ಕಚ್ಕೊಂಡಿದೆ."

"ಇರ್ಲಿ ಬಿಡು," ಎಂದಳು ನಾಗವೇಣಿ. "ಆ ಒನಕೆ ಹೊರಗೆ ಬಂದಿದೆ ನೋಡು, ಎತ್ತಿಟ್ಟು ಕೈ ತೊಳ್ಕೊಂಡು ಬಾ, ತಿಂಡಿ ಆಗಿದೆ."